ಗಂಡ ಒಳಕೋಣೆಗೆ ಮರಳಿ ಬಂದದ್ದು

ಎರಡನೆಯ ಸಲ ಬಸುರಾಗಿದ್ದೇನೆಂದು ಗೊತ್ತಾದ ದಿನವೇ ನನ್ನ ಗಂಡ ತಮ್ಮ ಹಾಸಿಗೆಯನ್ನು ಪಡಸಾಲೆಗೆ ಸಾಗಿಸಿದರು. ಹೋಗಿ ಎಂದು ಯಾರೂ ಹೇಳಿರಲಿಲ್ಲ. ಸಂಜೆ ಕಚೇರಿಯಿಂದ ಬಂದು ಚಹಾ ಕುಡಿದರು, ಒಳಕೋಣೆಯಿಂದ ದಿಂಬು, ಚಾದರ ತಂದು ದಿವಾನದ ಮೇಲಿಟ್ಟರು. "ನಿನಗ ಕಾಲು ಚಾಚಾಕ ಜಾಗಾ ಆಗ್ತೈತಿ" ಎಂದರು. ನಾನು ಹೂಂ ಎಂದೆ. ಆಮೇಲೆ ನಾಲ್ಕು ತಿಂಗಳು ನಾವಿಬ್ಬರೂ ಒಂದೇ ಮನೆಯಲ್ಲಿ ಬೇರೆ ಬೇರೆ ಊರಿನವರ ಹಾಗೆ ಇದ್ದೆವು.

ಆಗ ನನಗೆ ಮೂವತ್ತೊಂದು. ಮುದ್ದೇಬಿಹಾಳದ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದೆ, ಈಗಲೂ ಕಲಿಸುತ್ತೇನೆ. ಅವರಿಗೆ ಬಸವನ ಬಾಗೇವಾಡಿಯಲ್ಲಿ ಸರಕಾರಿ ಕೆಲಸ; ಬೆಳಗ್ಗೆ ಬಸ್ಸು ಹತ್ತಿದರೆ ಸಂಜೆಗೆ ಮರಳುತ್ತಿದ್ದರು. ಮಾರುಕಟ್ಟೆ ಯಾರ್ಡಿನ ಹಿಂದಿನ ಓಣಿಯಲ್ಲಿ ನಮ್ಮ ಬಾಡಿಗೆ ಮನೆ. ಒಂದು ಪಡಸಾಲೆ, ಒಂದು ಒಳಕೋಣೆ, ಅಡುಗೆಮನೆ, ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲು. ಮದುವೆಯಾಗಿ ಮೂರು ವರ್ಷವಾಗಿತ್ತು. ಅವರು ಮಾತು ಕಡಿಮೆಯ ಮನುಷ್ಯ. ಹೇಳಬೇಕಾದ್ದನ್ನೆಲ್ಲ ಕೈಯಿಂದ ಹೇಳುತ್ತಿದ್ದರು. ನಾನು ಶಾಲೆಯಿಂದ ಬಂದು ಕುಳಿತರೆ ಕುತ್ತಿಗೆ ಒತ್ತುತ್ತಿದ್ದರು. ಒಲೆಯ ಮುಂದೆ ನಿಂತಿದ್ದರೆ ಹಿಂದಿನಿಂದ ಬಂದು ಹೆಗಲಿಗೆ ಗದ್ದವೂರಿ ಸುಮ್ಮನೆ ನಿಲ್ಲುತ್ತಿದ್ದರು. ನಮ್ಮಿಬ್ಬರ ನಡುವಿನ ಸುಖವೂ ಹಾಗೇ ಇತ್ತು, ಮಾತಿಲ್ಲದೆ ಬರುವಂಥದ್ದು. ಅದಕ್ಕೆ ಮಾತು ಬೇಕಾಗುತ್ತದೆಂದು ನಾವಿಬ್ಬರೂ ಎಂದೂ ಯೋಚಿಸಿರಲಿಲ್ಲ.

ಹಿಂದಿನ ವರ್ಷ ಮೊದಲನೆಯ ಬಸುರು ಹತ್ತನೆಯ ವಾರಕ್ಕೆ ನಿಂತುಹೋಗಿತ್ತು. ಮೂರನೆಯ ಪಿರಿಯಡ್ ಮುಗಿಸಿ ಬರುವಾಗ ಶುರುವಾದ ಹೊಟ್ಟೆನೋವು ಸಂಜೆಯೊಳಗೆ ಎಲ್ಲವನ್ನೂ ಮುಗಿಸಿತು. ಇಂಡಿಯಿಂದ ಅವ್ವ ಬಂದಳು. ಜೊತೆಗೆ ಅವಳ ಅಕ್ಕ, ನನ್ನ ದೊಡ್ಡವ್ವ. ದೊಡ್ಡವ್ವನಿಗೆ ಮಕ್ಕಳಿರಲಿಲ್ಲ; ನಮ್ಮ ಕಡೆಯ ಬಾಣಂತನಗಳೆಲ್ಲ ಅವಳ ಕೈಯಿಂದಲೇ ಆಗುತ್ತಿದ್ದವು. ನಾನು ಒಳಗೆ ಗೋಡೆಗೆ ಮುಖ ಮಾಡಿ ಮಲಗಿದ್ದೆ. ಪಡಸಾಲೆಯಲ್ಲಿ ದೊಡ್ಡವ್ವ ಅವ್ವನಿಗೆ ಹೇಳುತ್ತಿದ್ದದ್ದು ಕೇಳಿಸಿತು.

"ಈಗಿನವರಿಗೆ ತಡಕೊಳ್ಳೂದು ಗೊತ್ತಿಲ್ಲ. ಮೊದಲಿನ ತಿಂಗಳದಾಗ ಗಂಡ ಹೆಂಡ್ತಿ ದೂರ ಇರಬೇಕು ಅಂದ್ರ ಯಾರು ಕೇಳ್ತಾರ."

ನಾನು ಹತ್ತನೆಯ ತರಗತಿಗೆ ಸಂತಾನೋತ್ಪತ್ತಿಯ ಪಾಠ ಮಾಡುವವಳು. ಬೋರ್ಡಿನ ಮೇಲೆ ಗರ್ಭಕೋಶದ ಚಿತ್ರ ಬರೆದು, ಹುಡುಗರು ಕಿಸಿಕಿಸಿ ನಕ್ಕರೆ ಗದರಿಸಿ ಸುಮ್ಮನಾಗಿಸುವವಳು. ಆದರೂ ಆ ಮಾತು ನನ್ನೊಳಗೆ ಮುಳ್ಳಿನಂತೆ ಮುರಿದು ಕುಳಿತಿತು. ಆ ನೋವಿಗೆ ನಾಲ್ಕು ದಿನ ಮೊದಲು ನಾವು ಕೂಡಿದ್ದೆವು. ಅಂದು ಅವರನ್ನು ಕರೆದವಳು ನಾನೇ. ಅದನ್ನು ನಾನು ಯಾರಿಗೂ ಹೇಳಲಿಲ್ಲ.

ಹಾಗಾಗಿ ಎರಡನೆಯ ಸಲ ಅವರು ದಿಂಬು ಎತ್ತಿಕೊಂಡಾಗ ನಾನು ಹೂಂ ಎಂದದ್ದು. ವಾರದೊಳಗೆ ಹೂವಿನ ಹಿಪ್ಪರಗಿಯಿಂದ ಅತ್ತೆ ನನಗೆ ಕೈಜೋಡಿಸಲು ಬಂದರು, ಒಳಕೋಣೆಯಲ್ಲಿ ನನ್ನ ಮಂಚದ ಪಕ್ಕಕ್ಕೆ ತಮ್ಮ ಹಾಸಿಗೆ ಹಾಸಿಕೊಂಡರು. ಮೊದಲ ಮೂರು ತಿಂಗಳು ನನಗೆ ಇದ್ಯಾವುದರ ಪರಿವೆಯೂ ಇರಲಿಲ್ಲ. ರೊಟ್ಟಿ ಸುಡುವ ವಾಸನೆ ಬಂದರೆ ಹಿತ್ತಲಿಗೆ ಓಡುತ್ತಿದ್ದೆ. ಮಜ್ಜಿಗೆ ಬಿಟ್ಟರೆ ಏನೂ ಒಳಗಿಳಿಯುತ್ತಿರಲಿಲ್ಲ. ನಾಲ್ಕು ತುಂಬುತ್ತಿದ್ದಂತೆ ಒಂದು ಬೆಳಗ್ಗೆ ಎದ್ದಾಗ ವಾಕರಿಕೆ ಇರಲಿಲ್ಲ. ಎರಡು ರೊಟ್ಟಿ, ಬದನೆಕಾಯಿ ಪಲ್ಯ, ಮೇಲೆ ಶೇಂಗಾ ಚಟ್ನಿ ತಿಂದು ಶಾಲೆಗೆ ನಡೆದುಕೊಂಡೇ ಹೋದೆ. ಕೂದಲು ದಟ್ಟವಾಯಿತು, ಮುಖಕ್ಕೆ ಬಣ್ಣ ಬಂತು. ಸ್ಟಾಫ್ ರೂಮಿನಲ್ಲಿ ಎಲ್ಲರೂ ಅದನ್ನೇ ಹೇಳಿದರು.

ಹಸಿವಿನ ಜೊತೆಗೆ ಇನ್ನೊಂದು ಆಸೆಯೂ ಬಂತು, ಅದನ್ನು ನಾನು ಯಾರಿಗೂ ಹೇಳುವಂತಿರಲಿಲ್ಲ. ಗಂಡ ಬೇಕೆನಿಸುತ್ತಿತ್ತು, ಮದುವೆಯಾದ ಹೊಸತರಲ್ಲಿ ಅನಿಸಿದ್ದಕ್ಕಿಂತ ಹೆಚ್ಚಾಗಿ. ಅವರು ಸ್ನಾನ ಮಾಡಿ ಟವೆಲ್ ಹೆಗಲ ಮೇಲೆ ಹಾಕಿಕೊಂಡು ಹಿತ್ತಲಿಂದ ಬಂದರೆ ನಾನು ರೊಟ್ಟಿ ತಟ್ಟುವುದನ್ನು ನಿಲ್ಲಿಸಿ ನೋಡುತ್ತಿದ್ದೆ. ತಾಯಿಯಾಗುವವಳಿಗೆ ಹೀಗೆಲ್ಲ ಆಗುತ್ತದೆಯೇ, ನನ್ನಲ್ಲೇ ಏನೋ ಕೆಟ್ಟದ್ದಿದೆಯೇ ಎಂದು ನಾಚಿಕೆಯಾಗುತ್ತಿತ್ತು.

ಅವರಾದರೋ ನನಗಾಗಿ ಎಲ್ಲವನ್ನೂ ಮಾಡುತ್ತಿದ್ದರು. ಬಾಗೇವಾಡಿಯಿಂದ ಬರುವಾಗ ಪೇರಲ ಹಣ್ಣು ತರುತ್ತಿದ್ದರು, ನೀರು ತುಂಬುತ್ತಿದ್ದರು, ಅಂಗಳದ ಕಲ್ಲಿನ ಮೇಲೆ ಪಾಚಿ ಕಟ್ಟದಂತೆ ಭಾನುವಾರಕ್ಕೊಮ್ಮೆ ತಿಕ್ಕುತ್ತಿದ್ದರು. ಮುಟ್ಟುತ್ತಿರಲಿಲ್ಲ, ಅಷ್ಟೇ. ಚಹಾದ ಬಟ್ಟಲನ್ನು ಕೂಡ ಬೆರಳು ತಾಗದಂತೆ ಅಂಚು ಹಿಡಿದು ಕೊಡುತ್ತಿದ್ದರು. ಹೊಟ್ಟೆ ಕಾಣಿಸತೊಡಗಿದ ಮೇಲೆ ನನ್ನ ಕಡೆ ನೋಡುವುದನ್ನೂ ಕಡಿಮೆ ಮಾಡಿದರು. ನಾನು ಅವರಿಗೆ ಚೆಲುವೆಯಾಗಿ ಉಳಿದಿಲ್ಲ ಎಂದುಕೊಂಡೆ. ಕನ್ನಡಿಯ ಮುಂದೆ ನಿಂತರೆ ಅತ್ತೆ ಕಾಣದಂತೆ ಕಣ್ಣೀರು ಒರೆಸಿಕೊಳ್ಳಬೇಕಾಗುತ್ತಿತ್ತು.

ತಿಂಗಳ ತಪಾಸಣೆಗೆ ಊರಿನಲ್ಲೇ ಒಬ್ಬ ಡಾಕ್ಟರಬಾಯಿಯ ಹತ್ತಿರ ಹೋಗುತ್ತಿದ್ದೆ. ಐವತ್ತರ ಆಸುಪಾಸಿನ ಗಟ್ಟಿ ಹೆಂಗಸು. ಪ್ರತಿ ಸಲವೂ ಬರೆಯುವುದು ಮುಗಿದ ಮೇಲೆ ತಲೆಯೆತ್ತಿ, "ಮತ್ತೇನರ ಕೇಳೋದೈತೇನ್ರಿ ಟೀಚರ್?" ಎನ್ನುತ್ತಿದ್ದರು. ಪ್ರತಿ ಸಲವೂ ನಾನು "ಏನಿಲ್ರಿ" ಎಂದು ಎದ್ದು ಬರುತ್ತಿದ್ದೆ.

ಐದನೆಯ ತಿಂಗಳಲ್ಲಿ ಸಿಂದಗಿಯ ನಾದಿನಿಯ ಮನೆಯಲ್ಲಿ ಅವಳ ಮಗನ ಜವಳವಿತ್ತು. ಕೂಸಿನ ತಲೆಗೂದಲು ತೆಗೆಸಿ, ಊಟ ಹಾಕಿಸುವ ಕಾರ್ಯಕ್ರಮ. ಅತ್ತೆ ಎರಡು ದಿನ ಮೊದಲೇ ಹೋಗಿದ್ದರು. ನಾವಿಬ್ಬರು ಬೆಳಗ್ಗೆ ಹೋಗಿ, ಹೋಳಿಗೆ ಉಂಡು, ಮಧ್ಯಾಹ್ನ ಮೂರರ ಸುಮಾರಿಗೆ ಬಸ್ ನಿಲ್ದಾಣಕ್ಕೆ ಬಂದೆವು. ಕಲ್ಲಿನ ಬೆಂಚಿನ ಮೇಲೆ ಕುಳಿತೆ. ಅವರು ಕೈಚೀಲವನ್ನು ನನ್ನ ಪಕ್ಕಕ್ಕಿಟ್ಟು ಅದರಾಚೆಗೆ ಕುಳಿತರು.

ಆ ಚೀಲ ನೋಡಿ ನನಗೆ ತಡೆಯಲಾಗಲಿಲ್ಲ.

"ಚೀಲಾ ನಡುವ ಯಾಕ ಇಟ್ರಿ?"

"ಮಂದಿ ಗದ್ದಲ ಐತಿ. ಹೊಟ್ಟಿಗೆ ತಾಗಬಾರ್ದಂತ."

"ಇಲ್ಲಿ ಯಾರೂ ಇಲ್ಲಲ್ರಿ. ನೀವ ಒಬ್ರು ಇರೋದು."

ಅವರು ಎದುರಿಗೆ ನಿಂತ ಬಸ್ಸಿನ ಬೋರ್ಡು ಓದುತ್ತಿದ್ದರು. ನಾನು ತಗ್ಗಿದ ದನಿಯಲ್ಲಿ ಕೇಳಿಯೇಬಿಟ್ಟೆ.

"ನನ್ನ ಕಂಡ್ರ ನಿಮಗ ಹೇಸಿಗಿ ಬರ್ತೈತೇನ್ರಿ?"

ತಿರುಗಿ ನೋಡಿದರು. ಮುಖದ ಬಣ್ಣವೇ ಹೋಗಿತ್ತು. "ಏನ ಮಾತಾಡ್ತಿ? ಹಂಗ್ಯಾಕ ಅನಕೊಂಡಿ?"

"ಮತ್ತೇನು ಅನಕೋಬೇಕು? ನಾಕು ತಿಂಗಳಾತು, ನನ್ನ ಕೈ ಹಿಡದಿಲ್ಲ ನೀವು."

ಚಪ್ಪಲಿ ನೋಡುತ್ತ ಹೇಳಿದರು: "ಹೋದ ಸಲದ್ದು ನನ್ನಿಂದ ಆತು. ನಿಮ್ಮ ದೊಡ್ಡವ್ವ ಅವತ್ತ ಅಂದದ್ದು ನಾ ಕೇಳೇನಿ. ಔಷಧ ತಗೊಂಡು ಬಾಗಲದಾಗ ನಿಂತಿದ್ದೆ. ನಾ ತಡಕೋಬೇಕಿತ್ತು, ತಡಕೊಳ್ಳಲಿಲ್ಲ. ಈ ಸಲಾನೂ ಹಂಗ ಆದ್ರ ನಾ ಏನು ಮಾಡ್ಲಿ? ಅದಕ್ಕ ಹತ್ರ ಬರಾಕ ಅಂಜಿಕಿ."

ಒಂದು ವರ್ಷ. ಅದೇ ಮಾತನ್ನು ಇಬ್ಬರೂ ಕೇಳಿಸಿಕೊಂಡಿದ್ದೆವು, ಒಬ್ಬರು ಗೋಡೆಯ ಆಚೆ, ಒಬ್ಬರು ಬಾಗಿಲ ಆಚೆ. ಇಬ್ಬರೂ ಅಪರಾಧ ತಮ್ಮದೆಂದು ಹೊತ್ತುಕೊಂಡು ಒಬ್ಬರಿಗೊಬ್ಬರು ಅನ್ನ ಬಡಿಸಿದ್ದೆವು.

"ನಾನೂ ಕೇಳೇನ್ರಿ," ಎಂದೆ. "ನಾ ನನ್ನಿಂದ ಆತು ಅನಕೊಂಡೇನಿ. ಅವತ್ತ ನಿಮ್ಮನ್ನ ಕರದಾಕಿ ನಾನ ಅಲ್ಲೇನು?"

ಮುದ್ದೇಬಿಹಾಳದ ಬಸ್ಸು ಬಂತು. ಕಂಡಕ್ಟರ್ ಎರಡು ಸಲ ಕೂಗಿದ. ನಾವು ಏಳಲಿಲ್ಲ. ಬಸ್ಸು ಹೋಯಿತು. ಅವರು ಚೀಲವನ್ನೆತ್ತಿ ಕಾಲ ಬಳಿ ಇಟ್ಟು ನನ್ನ ಪಕ್ಕಕ್ಕೆ ಸರಿದರು. ಅಷ್ಟು ಮಂದಿಯ ನಡುವೆ, ಸೆರಗಿನ ಮರೆಯಲ್ಲಿ, ನನ್ನ ಕೈ ಹಿಡಿದರು. ಮುಂದಿನ ಬಸ್ಸಿಗೆ ಒಂದೂವರೆ ತಾಸು ಕಾಯಬೇಕಾಯಿತು. ನನಗೆ ಅದು ಇನ್ನಷ್ಟು ತಡವಾಗಿ ಬಂದರೂ ಅಡ್ಡಿಯಿರಲಿಲ್ಲ.

ಬಸ್ಸಿನಲ್ಲಿ ನಾನೇ ಹೇಳಿದೆ, "ದೊಡ್ಡವ್ವ ಡಾಕ್ಟರ್ ಅಲ್ಲ. ಡಾಕ್ಟರ್‌ನ ಕೇಳೂಣು. ನೀವೂ ಒಳಗ ಬರಬೇಕು."

"ನಾ ಏನ ಕೇಳ್ಲಿ? ನಾಚಿಗಿ ಆಗ್ತೈತಿ."

"ನೀವು ಬಂದು ಕುಂಡ್ರ್ರಿ ಸಾಕು. ಕೇಳೂದು ನಾ ಕೇಳ್ತೇನಿ."

ಮುಂದಿನ ಶನಿವಾರ ಹೋದೆವು. ಗಂಡಸರು ಒಳಗೆ ಬರುವ ವಾಡಿಕೆ ಇರಲಿಲ್ಲ. ಬಾಗಿಲಲ್ಲಿದ್ದ ನರ್ಸ್ ಅವರನ್ನು ತಡೆಯಲು ಹೋದಾಗ "ಅವರೂ ಬರಬೇಕ್ರಿ" ಎಂದು ನಾನು ಹೇಳಿದೆ. ಡಾಕ್ಟರಬಾಯಿ ತೂಕ, ರಕ್ತದೊತ್ತಡ ನೋಡಿದರು, ಕೂಸಿನ ಎದೆಬಡಿತ ಕೇಳಿಸಿದರು. ಅದನ್ನು ನನ್ನ ಗಂಡ ಮೊದಲ ಸಲ ಕೇಳುತ್ತಿದ್ದರು. ಬರೆಯುವುದು ಮುಗಿಯಿತು. "ಮತ್ತೇನರ ಕೇಳೋದೈತೇನ್ರಿ?"

"ಐತ್ರಿ," ಎಂದೆ. ತರಗತಿಯ ಮುಂದೆ ನಿಂತಾಗಿನ ದನಿಯನ್ನು ತಂದುಕೊಂಡೆ. "ನಾವು ಗಂಡ ಹೆಂಡ್ತಿ ಕೂಡಿ ಇರಬಹುದೇನ್ರಿ? ಕೂಸಿಗೆ ಏನರ ಆಗ್ತೈತೇನು?"

ಡಾಕ್ಟರಬಾಯಿ ಪೆನ್ನು ಕೆಳಗಿಟ್ಟರು. ನಗಲಿಲ್ಲ, ಆಶ್ಚರ್ಯಪಡಲಿಲ್ಲ.

"ಇರಬಹುದು. ನಿಮ್ಮ ಸ್ಕ್ಯಾನಿಂಗ್ ನೋಡೇನಿ. ಕೂಸಿಗೆ ಆಹಾರ ಕೊಡೂ ಮಾಸು ಮ್ಯಾಲೆ ಐತಿ, ಗರ್ಭದ ಬಾಯಿ ಗಟ್ಟಿ ಮುಚ್ಚೈತಿ, ಒಂದು ಹನಿ ರಕ್ತ ಹೋಗಿಲ್ಲ. ಕೂಸು ನೀರಿನ ಚೀಲದಾಗ ಬೆಚ್ಚಗ ಐತಿ, ಅದಕ್ಕ ಏನೂ ತಾಗೂದಿಲ್ಲ. ರಕ್ತ ಕಂಡ್ರ, ನೀರು ಹೋದ್ರ, ಹೊಟ್ಟಿ ಬಿಟ್ಟು ಬಿಟ್ಟು ನೋಯಾಕ ಹತ್ತಿದ್ರ ನಿಲ್ಲಿಸಿ ನನ್ನ ಕಡೆ ಬರ್ರಿ. ಕೆಲವರಿಗೆ ನಾನ ಬ್ಯಾಡ ಅಂತೇನಿ, ಅದಕ್ಕ ಕಾರಣ ಇರ್ತೈತಿ. ನಿಮಗ ಆ ಕಾರಣ ಯಾವುದೂ ಇಲ್ಲ."

ನಾನು ಇವರ ಕಡೆ ನೋಡಿದೆ. ಅವರು ಎರಡೂ ಕೈ ಮೊಣಕಾಲ ಮೇಲಿಟ್ಟು ಪರೀಕ್ಷೆಗೆ ಕೂತವರ ಹಾಗೆ ಕೂತಿದ್ದರು. ಒಮ್ಮೆಲೇ ಬಾಯಿ ತೆರೆದರು.

"ಹೋದ ಸಲ ನನ್ನಿಂದ ಆತೇನ್ರಿ?"

ಡಾಕ್ಟರಬಾಯಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅರ್ಥವಾದ ಮೇಲೆ ಕುರ್ಚಿಯನ್ನು ಅವರ ಕಡೆಗೆ ತಿರುಗಿಸಿಕೊಂಡರು.

"ಇಲ್ಲ. ನಿಮ್ಮಿಂದಾನೂ ಅಲ್ಲ, ಇವರಿಂದಾನೂ ಅಲ್ಲ. ಅಷ್ಟು ಬೇಗ ಹೋಗೂ ಬಸುರು ಭಾಳ ಸಲ ಬೀಜ ಕೂಡೂವಾಗ ಆಗಿರೂ ತಪ್ಪಿನಿಂದ ಹೋಗ್ತೈತಿ. ಗಂಡ ಹೆಂಡ್ತಿ ಕೂಡಿದ್ದಕ್ಕ ಹೋಗೂದಿಲ್ಲ. ಒಂದು ವರ್ಷ ಇದನ್ನ ತಲ್ಯಾಗ ಇಟಗೊಂಡು ಅಡ್ಡಾಡಿರೇನು?"

ಅವರು ತಲೆಯಾಡಿಸಿದರು. ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸತೊಡಗಿದರು. ಒರೆಸುತ್ತಲೇ ಇದ್ದರು. ಡಾಕ್ಟರಬಾಯಿ ನೀರಿನ ಲೋಟ ಮುಂದಿಟ್ಟು, "ಇದನ್ನ ನೀವು ಕೇಳೂಕಿಂತ ಮೊದಲ ನಾ ಹೇಳಬೇಕಿತ್ತು. ತಪ್ಪು ನನ್ನದು," ಎಂದರು. ಅಷ್ಟು ದೊಡ್ಡ ಡಾಕ್ಟರು ಹಾಗೆಂದದ್ದು ನನಗೆ ಇವತ್ತಿಗೂ ಬೆರಗು. ಹೊರಡುವಾಗ ಮತ್ತೆ ಕರೆದರು. "ಟೀಚರ್, ಇಚ್ಛಾ ಆಗೂದು ತಪ್ಪಲ್ಲ. ಆಗದ ಇದ್ರೂ ತಪ್ಪಲ್ಲ. ಆವತ್ತಿನದು ಆವತ್ತ ಇಬ್ಬರೂ ಮಾತಾಡ್ರಿ."

ಹೊರಗೆ ಬಂದಾಗ ಮಧ್ಯಾಹ್ನದ ಬಿಸಿಲು ರಣರಣನೆ ಹೊಡೆಯುತ್ತಿತ್ತು. ನನಗೆ ಹಬ್ಬದ ಬೆಳಗಿನ ಹಾಗೆ ಕಂಡಿತು.

ಮನೆಯಲ್ಲಿ ಇನ್ನೊಂದು ಬೆಟ್ಟವಿತ್ತು: ಅತ್ತೆ. ಸಿಂದಗಿಯಿಂದ ಮರಳಿದ್ದ ಅವರು ಒಳಕೋಣೆಯಲ್ಲಿ ನನ್ನ ಮಂಚದ ಪಕ್ಕ ನೆಲದ ಮೇಲೆ ಮಲಗುತ್ತಿದ್ದರು. ಇವರು "ಅವ್ವಗ ಹೆಂಗ ಹೇಳೂದು" ಎಂದು ಎರಡು ದಿನ ಅಡ್ಡಾಡಿದರು. ಮೂರನೆಯ ದಿನ ನಾನು ಶಾಲೆಯಿಂದ ಬಂದಾಗ ಅತ್ತೆ ಪಡಸಾಲೆಯಲ್ಲಿ ಹೆಸರುಕಾಳು ಆರಿಸುತ್ತ ಕೂತಿದ್ದರು. ಎದುರಿಗೆ ಕುಳಿತು ನಾನೂ ಆರಿಸತೊಡಗಿದೆ.

"ಅತ್ತಿ, ಡಾಕ್ಟರಬಾಯಿ ಹೇಳ್ಯಾರ, ಅವರು ನನ್ನ ಹತ್ರ ಇದ್ರ ಏನೂ ತೊಂದ್ರಿ ಇಲ್ಲಂತ. ಅವರು ಒಳಗ ಮಲಗಲೇನ್ರಿ?"

ಅತ್ತೆಯ ಬೆರಳು ನಿಂತಿತು. ಬೈಗುಳವನ್ನೇ ಕಾದೆ. ಅವರು ಒಂದು ಹರಳು ಆರಿಸಿ ಹೊರಗೆಸೆದರು.

"ನನಗ ಐದನೇ ತಿಂಗಳಕ್ಕ ತವರಿಗೆ ಕಳಿಸಿದ್ರು. ತೊಟ್ಟಿಲಕ್ಕ ಹಾಕೂ ದಿನಾ ನಿಮ್ಮ ಮಾವ ಬಂದ್ರು. ಬಾಗಲದಾಗ ನಿಂತು ಕೂಸಿನ ಮಾರಿ ನೋಡಿ ಹೊಳ್ಳಿ ಹೋದ್ರು. ನನ್ನ ಮಾರಿ ನೋಡಲಿಲ್ಲ. ಹಿರ್ಯಾರು ಕುಂತಿದ್ರು, ಹೆಂಗ ನೋಡಬೇಕು." ಇನ್ನೊಂದು ಮುಷ್ಟಿ ಕಾಳು ಮೊರಕ್ಕೆ ಹಾಕಿದರು. "ಎಂಟು ತಿಂಗಳು, ತಂಗಿ. ನಾ ಹೊಳ್ಳಿ ಹೋದಾಗ ಹೊಸಾ ಮನಿಗೆ ಹೋದಂಗ ಆತು."

ಅವರು ಎದ್ದು ಒಳಗೆ ಹೋದರು, ತಮ್ಮ ಹಾಸಿಗೆ ಸುತ್ತಿಕೊಂಡು ಬಂದು ದಿವಾನದ ಮೇಲೆ ಹಾಕಿದರು, ಮಗನ ದಿಂಬು ತೆಗೆದು ನನ್ನ ಕೈಗೆ ಕೊಟ್ಟರು.

"ಮತ್ತ ಕೇಳ ಇಲ್ಲೆ. ಮಠದಾಗ ಪುರಾಣ ಹಚ್ಚ್ಯಾರ. ಐತವಾರ ಮಧ್ಯಾಹ್ನ ನಾ ಹೋಗ್ತೇನಿ. ಐದು ಹೊಡಿಯೂ ತನಕಾ ಬರೂದಿಲ್ಲ."

ಆ ಪುರಾಣ ಎಷ್ಟು ವಾರ ನಡೆಯಿತೆಂದು ನಾನು ವಿಚಾರಿಸಲು ಹೋಗಲಿಲ್ಲ. ಅತ್ತೆ ಮಾತ್ರ ಒಂದು ಭಾನುವಾರವೂ ತಪ್ಪಿಸಲಿಲ್ಲ.

ಮೊದಲ ಭಾನುವಾರ ಇಬ್ಬರಿಗೂ ಏನು ಮಾಡಬೇಕೆಂದು ತಿಳಿಯಲಿಲ್ಲ. ಕಿಟಕಿಗೆ ಪರದೆ ಎಳೆದು ಮಂಚದ ಮೇಲೆ ಕುಳಿತೆವು. ಅವರು ನನ್ನ ಹೊಟ್ಟೆಯ ಮೇಲೆ ಕೈಯಿಟ್ಟರು, ಕುದಿಯುವ ಪಾತ್ರೆ ಮುಟ್ಟುವವರ ಹಾಗೆ. ನಾನು ಆ ಕೈಯ ಮೇಲೆ ನನ್ನ ಕೈಯಿಟ್ಟು ಒತ್ತಿದೆ. ಆಗ ಒಳಗಿನಿಂದ ಕೂಸು ಒದೆಯಿತು. ಅವರು ಕೈ ಹಿಂದಕ್ಕೆ ಎಳೆದುಕೊಂಡರು. ನನಗೆ ನಗು ಬಂತು, ಆಮೇಲೆ ಅವರಿಗೂ. ಮಂಚದ ಮೇಲೆ ಬಿದ್ದು ಬಿದ್ದು ನಕ್ಕೆವು. ಆ ದಿನ ಅಷ್ಟೇ ಆಯಿತು. ನಗು, ಆಮೇಲೆ ಅವರ ತೋಳ ಮೇಲೆ ನನ್ನ ನಿದ್ದೆ. ನಾಲ್ಕು ತಿಂಗಳಲ್ಲಿ ನಾನು ಅಂಥ ನಿದ್ದೆ ಮಾಡಿರಲಿಲ್ಲ.

ಮುಂದಿನ ವಾರ ಸೇರಿದೆವು. ಮೊದಲಿನ ಹಾಗೆ ಮಾತಿಲ್ಲದೆ ಆಗಲಿಲ್ಲ. ಹೊಟ್ಟೆ ಅಡ್ಡ ಬರುತ್ತಿತ್ತು, ಬೆನ್ನಿಗೆ ದಿಂಬು ಬೇಕಾಗುತ್ತಿತ್ತು. ಹೀಗೆ ಬೇಡ, ಹಾಗೆ, ನಿಧಾನ, ಈಗ ಸರಿ ಎಂದು ಹೇಳಲೇಬೇಕಾಗುತ್ತಿತ್ತು. ಮೂರು ವರ್ಷ ಬಾಯಿ ಬಿಡದೆ ಸಂಸಾರ ಮಾಡಿದವಳು ಹಗಲು ಬೆಳಕಿನಲ್ಲಿ ಅದನ್ನೆಲ್ಲ ಹೇಳಿದೆ. ಅವರು ಕೇಳಿಸಿಕೊಂಡರು. ಅಷ್ಟೇ ಅಲ್ಲ, ಅವರೂ ಕೇಳತೊಡಗಿದರು. "ನಿನಗ ಹೆಂಗ ಅನಸ್ತೈತಿ?" ಎನ್ನುವ ಆ ಪ್ರಶ್ನೆಯನ್ನು ಅದಕ್ಕೆ ಮುಂಚೆ ಅವರ ಬಾಯಲ್ಲಿ ಕೇಳಿರಲಿಲ್ಲ. ನನ್ನ ಮೈ ಅವರಿಗೆ ಇಷ್ಟವೆಂದು ಹೇಳಿದರು, ಹೊಟ್ಟೆಯ ಮೇಲೆ ಬಿದ್ದ ಕಂದು ಗೆರೆಯೂ ಸೇರಿ. ಕನ್ನಡಿಯ ಮುಂದೆ ನಾನು ಮತ್ತೆ ಅಳಲಿಲ್ಲ.

ಒಂದು ಭಾನುವಾರ ಕೂಡಿದ ಮೇಲೆ ಹೊಟ್ಟೆ ಕಲ್ಲಿನಂತೆ ಗಟ್ಟಿಯಾಯಿತು. ನೋವಿರಲಿಲ್ಲ, ಆದರೆ ಹೆದರಿಕೆಯಾಯಿತು. ಅವರ ಮುಖ ಹಿಂದಿನ ವರ್ಷದ ಮುಖವಾಗಿಬಿಟ್ಟಿತು. ಡಾಕ್ಟರಬಾಯಿಗೆ ಫೋನ್ ಮಾಡಿದೆವು. "ಎಡಮಗ್ಗಲಾಗಿ ಮಲಗ್ರಿ, ನೀರು ಕುಡೀರಿ. ಸ್ವಲ್ಪ ಹೊತ್ತಿಗೆ ಸಡಿಲಾಗ್ತೈತಿ. ಆಗದಿದ್ರ ಬಂದುಬಿಡ್ರಿ" ಎಂದರು. ಅರ್ಧ ತಾಸಿನಲ್ಲಿ ಸಡಿಲವಾಯಿತು. ಅವರು ಮತ್ತೆ ದಿಂಬು ಎತ್ತಿಕೊಂಡು ಹೊರಗೆ ಹೋಗುತ್ತಾರೆಂದು ನಾನು ನೋಡುತ್ತಲೇ ಇದ್ದೆ. ಹೋಗಲಿಲ್ಲ. ಕೊಬ್ಬರಿ ಎಣ್ಣೆ ಬೆಚ್ಚಗೆ ಮಾಡಿ ತಂದು ನನ್ನ ಪಾದ ತಿಕ್ಕುತ್ತ ಕೂತರು. ಅವರು ಎದ್ದು ಹೋಗದ ಆ ಹೊತ್ತಿನಲ್ಲಿ ನಾನು ಗೆದ್ದೆನೆಂದು ನನಗೆ ಅನಿಸಿತು.

ಏಳನೆಯ ತಿಂಗಳಿಗೆ ಇಂಡಿಯ ತವರುಮನೆಯಲ್ಲಿ ಕುಬಸ ಇಟ್ಟರು, ಅಂದರೆ ಸೀಮಂತ. ಹಸಿರು ಸೀರೆ, ಕೈತುಂಬ ಹಸಿರು ಬಳೆ, ಉಡಿ ತುಂಬ ಅಕ್ಕಿ. ಕುಬಸ ಮುಗಿದ ಮೇಲೆ ಬಸುರಿ ತವರಿನಲ್ಲೇ ಉಳಿಯುವುದು ರೂಢಿ. ಅವ್ವ ನನಗಾಗಿ ಕೋಣೆ ಸಾರಿಸಿ, ಸುಣ್ಣ ಹೊಡೆಸಿ ಇಟ್ಟಿದ್ದಳು. ನಾನು ಮತ್ತು ನನ್ನ ಗಂಡ ಮುದ್ದೇಬಿಹಾಳದಲ್ಲೇ ಹೆರಿಗೆ ಎಂದು ಮಾತಾಡಿಕೊಂಡಿದ್ದೆವು. ಹೇಳುವುದು ಹೇಗೆಂದು ಮಾತ್ರ ತಿಳಿದಿರಲಿಲ್ಲ. ಊಟವಾದ ಮೇಲೆ ಹಿರಿಯರೆಲ್ಲ ನಿಂಬೆಗಿಡದ ನೆರಳಿನಲ್ಲಿ ಎಲೆಅಡಕೆ ಹಾಕುತ್ತ ಕೂತಿದ್ದರು. ಹಿರಿಯರೆದುರು ಎಂದೂ ದನಿ ಎತ್ತದ ನನ್ನ ಗಂಡ ಅಪ್ಪನ ಮುಂದೆ ಬಂದು ನಿಂತರು.

"ಮಾವಾರ, ಹೆರಿಗಿ ಮುದ್ದೇಬಿಹಾಳದಾಗ ಮಾಡಿಸ್ತೇವ್ರಿ. ಇಕಿ ನನ್ನ ಜೊತಿ ಇರ್ತಾಳ. ಅತ್ತಿಯಾರು ಅಲ್ಲಿಗೆ ಬರ್ಲಿ, ಎಷ್ಟು ದಿನಾ ಬೇಕಾದ್ರೂ ಇರ್ಲಿ."

ಅವ್ವನ ಮುಖ ಬಾಡಿತು. ಅಪ್ಪ ಅಡಕೆ ಕತ್ತರಿಸುವುದನ್ನು ನಿಲ್ಲಿಸಿದರು. ಮಾತಾಡಿದವಳು ದೊಡ್ಡವ್ವ.

"ಒಮ್ಮೆ ಆಗಿದ್ದು ಸಾಲಲಿಲ್ಲೇನು? ಇನ್ನೂ ಹೆಂಡ್ತಿ ಸೆರಗು ಹಿಡಕೊಂಡು ಕುಂಡ್ರತೀರಿ?"

ಇವರ ಕಿವಿ ಕೆಂಪಗಾಯಿತು. ನಾನು ಎದ್ದು ನಿಂತೆ. ಉಡಿಯ ಅಕ್ಕಿ ಚೆಲ್ಲದಂತೆ ಹಿಡಿದುಕೊಂಡು ಹೇಳಿದೆ: "ದೊಡ್ಡವ್ವ, ಹೋದ ಸಲದ್ದು ಇವರಿಂದ ಆಗಿದ್ದಲ್ಲ. ನನ್ನಿಂದಾನೂ ಅಲ್ಲ. ಡಾಕ್ಟರ್‌ನ ಇಬ್ಬರೂ ಕೂಡಿ ಕೇಳಿ ಬಂದೇವಿ. ಅದು ಹಂಗ ಹೋಗೂದಿಲ್ಲಂತ. ಇನ್ನ ಆ ಮಾತು ಯಾರೂ ಆಡಬ್ಯಾಡ್ರಿ."

ಅತ್ತೆ ಪಕ್ಕದಿಂದ, "ನಾನೂ ಅದನ್ನ ಹೇಳ್ತೇನ್ರಿ ಬೀಗರ. ನಮ್ಮ ಕಾಲ ಮುಗೀತು," ಎಂದರು. ಅಪ್ಪ ಇವರನ್ನು ಒಮ್ಮೆ ಅಡಿಯಿಂದ ಮುಡಿಯವರೆಗೆ ನೋಡಿ, ಅಡಕೆಯ ಹೋಳೊಂದನ್ನು ಕೈಗಿತ್ತು, "ಕುಂಡ್ರ್ರಿ ಅಳಿಯಾರ. ನಿಮ್ಮ ಹೆಂಡ್ತಿ, ನೀವು ನೋಡಕೋತೀರಿ ಅಂದ್ರ ನನಗೇನು ಚಿಂತಿ," ಎಂದರು.

ಹೊರಡುವ ಮೊದಲು ಸೀರೆ ಬದಲಿಸಲು ಒಳಗೆ ಹೋದೆ. ದೊಡ್ಡವ್ವ ಹಿಂದೆಯೇ ಬಂದು ಬಾಗಿಲು ಮುಂದೆ ಮಾಡಿದಳು. ಜಗಳಕ್ಕೆ ಬಂದಳೆಂದುಕೊಂಡೆ. ಅವಳು ಹೊಸ ಸುಣ್ಣದ ಗೋಡೆಗೆ ಆತು ನಿಂತಳು.

"ಡಾಕ್ಟರ್ ಖರೇನ ಹಂಗ ಹೇಳ್ಯಾರೇನು?"

"ಖರೇನ ದೊಡ್ಡವ್ವ."

"ನನಗ ಎರಡು ಹೋದವು. ಒಂದು ಎರಡೂವರಿ ತಿಂಗಳಿಂದು, ಒಂದು ಮೂರರದು. ನಮ್ಮ ಅತ್ತಿ ನನ್ನ ಗಂಡಗ ಎಲ್ಲಾರ ಮುಂದ ಅಂದ್ಲು. ಅವತ್ತಿಂದ ನಿಮ್ಮ ದೊಡ್ಡಪ್ಪ ನನ್ನ ಹತ್ರ ಬರಲಿಲ್ಲ. ನಾನೂ ಕರೀಲಿಲ್ಲ. ಪಾಪ ಮಾಡೇವಿ ಅನಕೊಂಡ್ವಿ." ಅವಳ ದನಿ ಅಲುಗಲಿಲ್ಲ. ಕಣ್ಣು ಮಾತ್ರ ತುಂಬಿ ಬಂದಿತ್ತು. "ನಲವತ್ತು ವರ್ಷಾತು. ಅವರೂ ಹೋದ್ರು."

ನಾನು ಅವಳನ್ನು ತಬ್ಬಿಕೊಂಡೆ. ನಮ್ಮಿಬ್ಬರ ನಡುವೆ ನನ್ನ ಹೊಟ್ಟೆಯಿತ್ತು. "ಅದು ನಿಮ್ಮಿಂದ ಆಗಿದ್ದಲ್ಲ ದೊಡ್ಡವ್ವ" ಎಂದೆ. ಅವಳು ಇನ್ನೊಮ್ಮೆ ಹೇಳು ಎಂದಳು. ಇನ್ನೊಮ್ಮೆ ಹೇಳಿದೆ. ಮೂರನೆಯ ಸಲ ಕೇಳಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು ನನ್ನ ಸೀರೆಯ ನೆರಿಗೆ ಸರಿಮಾಡಿದಳು. ಹೊರಗೆ ಹೋಗಿ ಎಲ್ಲರೆದುರಿಗೆ ಇವರಿಗೆ, "ನಾ ಅಂದದ್ದು ತಪ್ಪಾತ್ರಿ ಅಳಿಯಾರ," ಎಂದಳು. ನಮ್ಮ ಮನೆತನದಲ್ಲಿ ಅಷ್ಟು ಹಿರಿಯರು ಕಿರಿಯರ ಮುಂದೆ ಹಾಗೆ ಹೇಳಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಕೊನೆಯ ಎರಡು ತಿಂಗಳು ನನ್ನ ಮೈ ಭಾರವಾಗಿ, ಆಸೆ ತಾನಾಗಿ ಇಳಿಯಿತು. "ಇವತ್ತ ಬ್ಯಾಡ್ರಿ" ಎಂದರೆ ಅವರು "ಆತು" ಎಂದು ಪಕ್ಕಕ್ಕೆ ಮಲಗಿ ಕಚೇರಿಯ ಸುದ್ದಿ ಹೇಳುತ್ತಿದ್ದರು. ಒಮ್ಮೊಮ್ಮೆ ಅವರೇ "ಇವತ್ತ ನಂದೂ ಮನಸ್ಸಿಲ್ಲ" ಎನ್ನುತ್ತಿದ್ದರು. ಯಾರಿಗೂ ಬೇಜಾರಾಗುತ್ತಿರಲಿಲ್ಲ. ಹೆರಿಗೆಯ ನೋವು ಶುರುವಾದದ್ದು ಬೆಳಗಿನ ಚಹಾದ ಹೊತ್ತಿಗೆ. ಆಟೋದಲ್ಲಿ ಅವ್ವ ಒಂದು ಕಡೆ, ಅತ್ತೆ ಒಂದು ಕಡೆ. ಮುಂದೆ ಬೈಕಿನ ಮೇಲೆ ಅವರು. ಡಾಕ್ಟರಬಾಯಿ ನೋವಿನ ಕೋಣೆಗೆ ಅವರನ್ನು ತಾವಾಗಿಯೇ ಕರೆದರು. ಸಂಜೆ ನಾಲ್ಕಕ್ಕೆ ಮಗಳು ಹುಟ್ಟುವ ತನಕ ಅವರು ನನ್ನ ಸೊಂಟ ಒತ್ತುತ್ತ ನಿಂತಿದ್ದರು. ಮಗಳ ಮುಖ ನೋಡುವ ಮೊದಲು ನನ್ನ ಮುಖ ನೋಡಿದರು. ಬಾಣಂತನಕ್ಕೆ ಇಂಡಿಯಿಂದ ದೊಡ್ಡವ್ವ ಬಂದಳು, ಮೂರು ತಿಂಗಳು ಇದ್ದಳು.

ಈಗ ಮಗಳಿಗೆ ಎರಡು ವರ್ಷ. ಕಳೆದ ತಿಂಗಳು ಇವರ ಕಚೇರಿಯ ಸಹೋದ್ಯೋಗಿಯೊಬ್ಬರು, ಗೊಳಸಂಗಿ ಊರಿನವರು, ಹೋದ ವರ್ಷವಷ್ಟೇ ಮದುವೆಯಾದವರು, ಮನೆಗೆ ಬಂದಿದ್ದರು. ನಾನು ಅಡುಗೆಮನೆಯಲ್ಲಿ ಅವಲಕ್ಕಿಗೆ ಒಗ್ಗರಣೆ ಹಾಕುತ್ತಿದ್ದೆ. ಪಡಸಾಲೆಯ ಮಾತು ಕೇಳಿಸುತ್ತಿತ್ತು.

"ಅಕಿಗೆ ನಾಕು ತಿಂಗಳ್ರಿ. ಮನ್ಯಾಗ ಹಿರ್ಯಾರು ದೂರ ಇರು ಅಂದಾರ. ಹೊರಗ ಮಲಗಾಕತ್ತೇನಿ. ಅಕಿ ನನ್ನ ಜೋಡಿ ಮಾತ ಬಿಟ್ಟಾಳ."

"ಡಾಕ್ಟರ್‌ನ ಕೇಳೀರೇನು?"

"ಅದನ್ನ ಹೆಂಗ ಕೇಳೂದ್ರಿ?"

"ಬಾಯಿಲೆ ಕೇಳೂದು," ಎಂದರು ನನ್ನ ಗಂಡ. "ಇಬ್ಬರೂ ಕೂಡಿ ಒಳಗ ಹೋಗ್ರಿ. ಹೆಂಡ್ತಿ ಕೇಳ್ಲಿ ಅಂತ ಕುಂಡ್ರಬ್ಯಾಡ್ರಿ, ನೀವ ಕೇಳ್ರಿ. ಅವರು ಬ್ಯಾಡ ಅಂದ್ರ ಬ್ಯಾಡ, ಅದಕ್ಕೊಂದು ಕಾರಣ ಇರ್ತೈತಿ. ಆದ್ರ ಅಕಿ ಕೈ ಹಿಡಿಬ್ಯಾಡ್ರಿ ಅಂತ ಯಾವ ಡಾಕ್ಟರೂ ಅನ್ನೂದಿಲ್ಲ. ಅದನ್ನ ಇವತ್ತ ಹೋಗಿ ಹಿಡೀರಿ."

ಮಾತು ಕಡಿಮೆಯ ಆ ಮನುಷ್ಯ ಒಂದೇ ಉಸಿರಿಗೆ ಅಷ್ಟನ್ನೂ ಹೇಳಿದರು. ನಾನು ಅವಲಕ್ಕಿಯ ತಾಟುಗಳನ್ನು ತಂದಿಟ್ಟೆ. ಸಹೋದ್ಯೋಗಿ ನನ್ನನ್ನು ಕಂಡು ನಾಚಿ ತಲೆ ತಗ್ಗಿಸಿದರು. ನಾನು ಒಳಗೆ ಹೋಗಲಿಲ್ಲ. ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಅಲ್ಲೇ ಗಂಡನ ಪಕ್ಕಕ್ಕೆ ಕುಳಿತೆ. "ಹೇಳ್ರಿ, ಅಕಿ ಏನಂತಾಳ?" ಎಂದು ಕೇಳಿದೆ.